ಚಾಚಾ ಓದಿಸುತ್ತಿದ್ದ ಮೊದಲ ಸಾಲು

ಕಳೆದ ವಾರ ಆಸ್ಪತ್ರೆಯ ಡ್ರಾಯರಿನ ತಳದಲ್ಲಿ ಟೈಪು ಮಾಡಿದ ಹಳೆಯ ಹಾಳೆಯೊಂದು ಸಿಕ್ಕಿತು. ಒಬ್ಬ ಹೆಂಗಸಿನ ಹೆಸರಿನ ಮುಂದೆ, ಕೊನೆಯ ಕಾಲಮ್ಮಿನಲ್ಲಿ, ‘ಪೆನಿಸಿಲಿನ್ ಕೊಡಬಾರದು’ ಎಂದಿತ್ತು. ಆ ಹಾಳೆ ಬಂದ ದಿನ, ಬೆಳಿಗ್ಗೆ ಹನ್ನೊಂದು ಇಪ್ಪತ್ತು... ಎಲ್ಲ ಕೆಡಲು ಶುರುವಾದದ್ದು ಆಗಲೇ.

ಜೊಯಿಡಾದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸ ನನ್ನದು; ರೋಗಿಗಳ ಕಾರ್ಡುಗಳನ್ನು ದಾಂಡೇಲಿ ಅಂಬೇವಾಡಿಯ ಟೈಪಿಂಗ್ ಅಂಗಡಿಯ ಚಾಚಾ ಪಟ್ಟಿಯಾಗಿ ಟೈಪು ಮಾಡಿಕೊಡುತ್ತಿದ್ದರು. ಫೈಲು ಮೇಲ್‌ನಲ್ಲಿ, ಪ್ರಿಂಟು ಬಸ್ಸಿನಲ್ಲಿ ಬರುತ್ತಿತ್ತು. ಹಿಂದೆಯೇ ಅವರ ಫೋನು.

“ಬೇಟಿ, ನಿನ್ನ ಕಂಪ್ಯೂಟರ್‌ನಾಗ ಮೊದಲನೇ ಸಾಲು ಹೆಂಗ ಕಾಣ್ತೈತಿ, ಓದು.”

“ನಾ ಏನ್ ಒಂದನೇತ್ತೆ ಹುಡುಗೇನ್ರಿ, ಚಾಚಾ?”

“ಒಂದನೇತ್ತೇವ್ರು ಚಂದ ಓದ್ತಾರವಾ. ಕಾಲೇಜು ಕಲ್ತವ್ರದ ಚಿಂತಿ.”

ಆ ದಿನ, ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿದ್ದ ಅವರ ಫೈಲನ್ನು ನಮ್ಮ ಹಳೆಯ ತಂತ್ರಾಂಶ ತೆಗೆದುಕೊಳ್ಳಲಿಲ್ಲ. ಅದು ಕೇಳಿದ ಬೇರೆ ಸಂಕೇತದಲ್ಲಿ ಉಳಿಸಲು ಹೋದೆ. ಕೆಲವು ಅಕ್ಷರ ಕಳೆದುಹೋಗಬಹುದು ಎಂಬ ಎಚ್ಚರಿಕೆ ಬಂತು. ‘ಸರಿ’ ಒತ್ತಿದೆ. ಚಾಚಾ ಫೋನು ಮಾಡಿದಾಗ ಪರದೆಯನ್ನು ನೋಡದೆ, ಕೈಯಲ್ಲಿದ್ದ ಪ್ರಿಂಟು ನೋಡಿ ಓದಿಬಿಟ್ಟೆ. ಅವರು ಖುಷಿಯಾದರು.

ಮರುದಿನ ಆ ಹೆಂಗಸು ಕಾಲಿನ ಗಾಯ ಕೀವಾಗಿ ಬಂದಳು. ಪರದೆಯಲ್ಲಿ ಹೆಸರು, ವಯಸ್ಸು ಇಂಗ್ಲಿಷಿನಲ್ಲಿದ್ದುದರಿಂದ ಸರಿಯಿದ್ದವು. ಕನ್ನಡದ ಕಾಲಂ ಹಾಳಾಗಿತ್ತು.

“ಇದೇನ್ರಿ, ಬರೇ ಪ್ರಶ್ನೆ ಚಿಹ್ನಿ?” ನರ್ಸ್ ಕೇಳಿದಳು.

“ಏನೂ ಬರೀದಿದ್ರ ಹಂಗ ತೋರಿಸ್ತೈತಿ,” ಎಂದೆ. ಯಾಕೆ ಹಾಗೆಂದೆ? ಇಂದಿಗೂ ತಿಳಿಯದು.

ಪೆನಿಸಿಲಿನ್ ಸೂಜಿ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಅವಳ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಓಡಿಬಂದರು. ಅವಳು ಬದುಕಿದಳು. ಆ ಉಸಿರಿನ ಸದ್ದು ಮಾತ್ರ ನನ್ನ ಕಿವಿಯಲ್ಲೇ ಉಳಿಯಿತು...

ಸುದ್ದಿ ಕೇಳಿ ಚಾಚಾ ಬಂದರು. ಪರದೆ ನೋಡಿದರು, ನನ್ನನ್ನು ನೋಡಿದರು. ನಾನು ಎಲ್ಲಿಂದ ಓದಿದ್ದೆ ಎಂದು ಅವರಿಗೆ ಗೊತ್ತಾಯಿತು. ಆಮೇಲೆ ಡಾಕ್ಟರಿಗೆ, “ಫೈಲ್ ನಾನ ತಪ್ಪು ಕಳಿಸೀನ್ರಿ,” ಎಂದರು.

ನಾನು ಬಾಯಿ ತೆರೆಯಲಿಲ್ಲ. ನನ್ನ ನೌಕರಿ ಉಳಿಸಲು ಹಾಗೆಂದರೋ, ನನ್ನ ಮುಖ ನೋಡಲಾರದೆಯೋ... ಕೇಳುವ ಧೈರ್ಯ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು, ಚಾಚಾ ತೀರಿಕೊಂಡಿದ್ದರು.

ಮೊನ್ನೆ ಶುಕ್ರವಾರ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಆಮ್ಯಾಲ ಅವ್ರಿಗೆ ಒಂದ್ ಹಾಳಿ ಕೆಲಸಾನೂ ಕೊಡ್ಲಿಲ್ಲಲ್ಲ ನಾನು,” ಎಂದರು.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಬೆಳಗಾದ ಮೇಲೆಯೇ. ಅಷ್ಟು ಚೆನ್ನಾಗಿ ನಿದ್ದೆ ಬಂತಲ್ಲ ಎಂದು ನಾಚಿಕೆಯಾಯಿತು.