ಮಾವನ ಹೊಟ್ಟೆಯ ನೀರು

“ಕುಡೀತಿದ್ರಾ?” ವೈದ್ಯರು ಮತ್ತೆ ಕೇಳಿದರು.

“ಲಿಂಗ ಕಟ್ಟಿದ ಮೈ ಸ್ವಾಮಿ ಅದು!” ಅತ್ತೆ ಸಿಡುಕಿದರು.

“ಕುಡಿದಾದ್ರೂ ಇದ್ದಿದ್ರೆ ಈ ಮಾತು ಕೇಳಿದ್ದು ಸಾರ್ಥಕ ಆಗ್ತಿತ್ತು ಕಣೇ,” ಎಂದರು ಸೋದರಮಾವ, ಕಣ್ಣು ತೆರೆಯದೆ. ಯಕೃತ್ತು ಗಡುಸಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಮೈ ಜ್ವರದಿಂದ ಸುಡುತ್ತಿತ್ತು.

ಅವರ ರೋಗದ ಮೂಲ ಸಕ್ಕರೆ ಕಾಯಿಲೆ. ಆದರೆ ಲಿವರ್ ಎಂದರೆ ಹೆಂಡ ಎನ್ನುವ ನಂಟರಿಗೆ ಹೆದರಿ ಅತ್ತೆ ಅದನ್ನು ‘ಗ್ಯಾಸ್ಟ್ರಿಕ್’ ಎಂದೇ ಹೇಳಿಕೊಂಡು ಬಂದಿದ್ದರು. ಜ್ವರ ಬಂದ ಮೇಲೂ ಮನೆಯಲ್ಲೇ ಇಟ್ಟುಕೊಂಡಿದ್ದರು. ಈಗ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಕಾಫಿ ಎಸ್ಟೇಟಿನ ಲೈನ್ ಮನೆಯ ಕಾರ್ಮಿಕನೊಬ್ಬ ಮಲಗಿದ್ದ. ಅದೇ ಊದಿದ ಹೊಟ್ಟೆ, ಅದೇ ಜ್ವರ. ಕುಡುಕನೆಂದು ಅತ್ತೆ ಅವನಿಗೆ ಬೆನ್ನು ಹಾಕಿಯೇ ಕುಳಿತಿದ್ದರು.

ಮಾವನ ಹೊಟ್ಟೆಯಿಂದ ತೆಗೆದ ಹಳದಿ ನೀರು ಸಿರಿಂಜಿನಲ್ಲಿತ್ತು. ಅದಕ್ಕೆ ಸೋಂಕು ತಗುಲಿದ್ದರೆ ಔಷಧ ಕೂಡಲೇ ಶುರುವಾಗಬೇಕು; ತಡವಾದರೆ ಮಾವ ಉಳಿಯುವುದಿಲ್ಲ. ಭಾನುವಾರ, ಆಸ್ಪತ್ರೆಯ ಪ್ರಯೋಗಾಲಯ ಮುಚ್ಚಿತ್ತು. ಮಾದರಿಯನ್ನು ಜಿಲ್ಲಾಸ್ಪತ್ರೆಗೆ ಒಯ್ಯಬೇಕಾದ ವಾಹನ ದುಬಾರೆಯ ಆನೆ ಶಿಬಿರಕ್ಕೆ ಹೊರಟ ಪ್ರವಾಸಿಗರ ಕಾರುಗಳ ನಡುವೆ ಸಿಕ್ಕಿಕೊಂಡಿತ್ತು.

“ನಾಳೆ ರಿಪೋರ್ಟ್ ಬರ್ಲಿ, ಆಮೇಲೆ ಔಷಧ,” ಎಂದರು ವೈದ್ಯರು.

ಸೂಕ್ಷ್ಮಜೀವಿಶಾಸ್ತ್ರ ಓದಿದ ನನಗೆ ಸುಮ್ಮನಿರಲಾಗಲಿಲ್ಲ. “ಬಸುರಿಯರ ಮೂತ್ರ ನೋಡೋ ಪಟ್ಟಿ ಇದ್ಯಲ್ಲ ಡಾಕ್ಟ್ರೇ, ಬಿಳಿ ರಕ್ತಕಣ ತೋರಿಸೋದು? ಅದನ್ನೇ ಈ ನೀರಲ್ಲಿ ಅದ್ದಿ.”

“ಅದು ಇದಕ್ಕಲ್ಲಮ್ಮ. ಬಣ್ಣ ಬರ್ಲಿಲ್ಲ ಅಂದ್ರೆ ಸೋಂಕಿಲ್ಲ ಅನ್ನೋಕಾಗಲ್ಲ.”

“ಬಂದ್ರೆ?”

ಅವರು ಎದ್ದು ಹೋಗಿ ಪಟ್ಟಿಗಳ ಡಬ್ಬಿ ತಂದರು. ಪಟ್ಟಿಯನ್ನು ಅದ್ದಿ ಗಡಿಯಾರ ನೋಡುತ್ತ ನಿಂತರು. ಅತ್ತೆ ಸೆರಗಿನ ತುದಿ ಕಚ್ಚಿಕೊಂಡಿದ್ದರು. ಬಿಳಿಯ ಚೌಕ ಮೊದಲು ಮಸುಕಾಯಿತು, ಬಳಿಕ ನೇರಳೆಗೆ ತಿರುಗಿತು: ಸೋಂಕಿನ ಗುರುತು.

ಲ್ಯಾಬಿನ ಎಣಿಕೆ ಬಂದಾಗ ಬರಲಿ, ಅಲ್ಲಿಯವರೆಗೆ ಕಾಯಬೇಕಿಲ್ಲ ಎಂದು ವೈದ್ಯರು ಆ್ಯಂಟಿಬಯಾಟಿಕ್ ಡ್ರಿಪ್ ಏರಿಸಿದರು.

“ಡಬ್ಬಿ ಈ ಆಸ್ಪತ್ರೇಲೇ ಇತ್ತು. ಯಾಕೆ ತೆಗೀಲಿಲ್ಲ?” ನಾನು ಕೇಳಿದೆ.

“ಯಾರೂ ಕೇಳಿರ್ಲಿಲ್ಲಮ್ಮ.”

“ರೋಗಿ ಕೇಳ್ಬೇಕಾ?”

ಕುಡಿತದ ವಿಚಾರಣೆಗೆ ಬೆಳಗಿನಿಂದ ಸಮಯವಿತ್ತು. ಈ ಪಟ್ಟಿಗೆ ಎರಡು ನಿಮಿಷ ಇರಲಿಲ್ಲ. ಅದಕ್ಕೆ ಹೊಣೆ ಯಾರೆಂದು ನಾನು ಇಂದಿಗೂ ಕೇಳುತ್ತಿದ್ದೇನೆ, ಆ ಆಸ್ಪತ್ರೆಯನ್ನೂ ನಮ್ಮ ಮನೆಯನ್ನೂ.

ವೈದ್ಯರು ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚತೊಡಗಿದರು. ಅತ್ತೆ ಮೊದಲ ಬಾರಿಗೆ ಪಕ್ಕದ ಮಂಚದತ್ತ ತಿರುಗಿದರು.

“ಆಯಪ್ಪಂದೂ ನೋಡಿ ಸ್ವಾಮಿ.”

“ಅವ್ನು ಕುಡಿಯೋನು ಕಣಮ್ಮ.”

“ಕುಡೀಲಿ ಬಿಡಿ. ಜ್ವರ ಇಲ್ವಾ ಅವ್ನಿಗೆ?”

ಮುಚ್ಚಳದ ಮೇಲಿದ್ದ ಕೈ ನಿಂತಿತು. ವೈದ್ಯರು ಇನ್ನೊಂದು ಸೂಜಿ ತರಲು ನರ್ಸಿಗೆ ಹೇಳಿದರು.