ನಲ್ಲಿ ಮುಚ್ಚಿದರೂ ನಿಲ್ಲದ ಮೋಟರು

ಹಿಪ್ಪರಗಿ ಹತ್ತಿರ ಕೃಷ್ಣೆಯ ಎರಡು ದಡಗಳ ನಡುವೆ ನನ್ನ ಯಜಮಾನರು ಬೋಟು ನಡೆಸುತ್ತಿದ್ದರು. ಕೂತವರಿಗೆ ಕುಡಿಯುವ ನೀರು ಸಿಗಲೆಂದು ಅದರಲ್ಲಿ ಒಂದು ಟಾಕಿ, ಬ್ಯಾಟರಿ ಮೋಟರು, ಪೈಪು, ನಲ್ಲಿ ಕೂಡಿಸಿದ್ದರು. ನಲ್ಲಿ ತಿರುವಿದರೆ ಮೋಟರು ತಾನೇ ಶುರುವಾಗಬೇಕು, ಮುಚ್ಚಿದರೆ ನಿಲ್ಲಬೇಕು. ಅವರು ತೀರಿಕೊಂಡ ತಿಂಗಳೊಳಗೆ ಅದು ನಲ್ಲಿ ಮುಚ್ಚಿದ್ದರೂ ನಿಮಿಷಕ್ಕೊಮ್ಮೆ ಗುರ್ ಎನ್ನತೊಡಗಿತು. ಎಲ್ಲೋ ನೀರು ಸೋರಿ ಪೈಪಿನ ಒತ್ತಡ ಇಳಿಯುತ್ತಿತ್ತು.

ಬೋಟು ಆಗಲೇ ಮೈದುನನ ಕೈಗೆ ಹೋಗಿತ್ತು. ಅವನಿಗೆ ಆ ಮೋಟರು ಕಬ್ಬಿಗೆ ಔಷಧ ಹೊಡೆಯುವ ಪಂಪಿಗೆ ಬೇಕಾಗಿತ್ತು.

“ವೈನಿ, ಬಿಚ್ಚಿ ಒಯ್ತೇನ್ರಿ. ಅಣ್ಣನ ಜೋಡಿ ಇದೂ ಹೋತು ಅಂತ ತಿಳೀರಿ.”

“ನಾ ರಿಪೇರಿ ಮಾಡ್ತೇನಿ.”

“ನೀವ? ಇದು ಬನಹಟ್ಟಿ ಮಗ್ಗ ಅಲ್ರಿ. ಆಚಿ ದಂಡಿ ಮುಟ್ಟೂತನಕಾ ಒಮ್ಮೆ ಕೂಗಿದ್ರೂ ಅದು ನಂದು.”

“ಕೂಗಲಿಲ್ಲಂದ್ರ ಮತ್ತ ಇದರ ಸುದ್ದಿ ತಗೀಬ್ಯಾಡ.”

ಪೈಪು ಕೂಡುವ ಒಂದೊಂದು ಕಡೆಗೂ ಒಣ ಪೇಪರ್ ಸುತ್ತಿ ಕಾದೆ. ಎರಡು ಕಡೆ ಒದ್ದೆಯಾಯಿತು. ನನ್ನ ತವರು ಬನಹಟ್ಟಿಯಲ್ಲಿ ಇಂಥ ಕಡೆಗೆಲ್ಲ ಮಗ್ಗದಲ್ಲಿ ಉಳಿದ ನೂಲನ್ನೇ ಸುತ್ತುವುದು. ನನ್ನ ಚೀಲದಲ್ಲಿದ್ದದ್ದು ಸೀರೆಗೆ ಹಾಕುವ, ರೇಷ್ಮೆಯಂತೆ ಮಿರುಗುವ ನೂಲು. ಗಟ್ಟಿ ಇದೆಯೆಂದು ಅದನ್ನೇ ಸುತ್ತಿ ಬಿಗಿದೆ. ಮತ್ತೆ ಸೋರಿತು.

ಮೈದುನ ನಕ್ಕ. “ಸೀರಿ ಅಂತೂ ಉಡಿಸಿದ್ರಿ, ಇನ್ನ ಕುಂಕುಮಾನೂ ಹಚ್ಚಿಬಿಡ್ರಿ.”

ಹಣೆ ಬರಿದಾದವಳ ಮುಂದೆ ಆಡಿದ ಮಾತು. ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾ ಅವನ ಮುಖಕ್ಕೆ ಒಗೆಯಬೇಕೆನಿಸಿತು. ಪಾನಾ ನನಗೇ ಬೇಕಾಗಿತ್ತು, ಒಗೆಯಲಿಲ್ಲ.

ತಪ್ಪು ಆಗ ತಿಳಿಯಿತು. ಮಿರುಗುವ ನೂಲು ನೀರು ಕುಡಿಯುವುದಿಲ್ಲ. ಹತ್ತಿ ನೂಲಾದರೆ ಕುಡಿದು ಉಬ್ಬಿ ಸಂದು ಮುಚ್ಚುತ್ತದೆ. ಬೋಟಿನಲ್ಲಿ ಹತ್ತಿಯದೆಂದರೆ ಯಜಮಾನರ ಟವೆಲ್ಲು ಒಂದೇ. ಅವರು ಹೋದ ಮೇಲೆ ನಾನು ಅದನ್ನು ತೊಳೆದಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅಂಚು ಹರಿದು ಎಳೆ ಕಿತ್ತೆ. ಎರಡೂ ಕಡೆ ಸುತ್ತಿ ಪಾನಾ ತಿರುಗಿಸಿದೆ.

“ಇಂಜಿನ್ ಚಾಲೂ ಮಾಡು,” ಎಂದೆ.

ನಡುಹೊಳೆಯಲ್ಲಿ ಅವನು ಬೇಕೆಂದೇ ನಿಧಾನ ಮಾಡಿದ. ನಾನು ಮೋಟರಿನ ಮೇಲೆ ಅಂಗೈ ಇಟ್ಟು ಕೂತೆ. ಆಚೆ ದಡಕ್ಕೆ ಬೋಟು ತಾಗುವವರೆಗೂ ಅದು ಒಮ್ಮೆಯೂ ನಡುಗಲಿಲ್ಲ.

ಅವನು ಸೋತೆ ಎನ್ನಲಿಲ್ಲ. ಬಿಸಿಲಿಗೆ ಬಾಯಾರಿತ್ತೋ ಏನೋ, ನಲ್ಲಿಗೆ ಕೈ ಚಾಚಿದ. ನಾನು ನಲ್ಲಿ ತಿರುವಗೊಡದೆ ಹಿಡಿದುಕೊಂಡೆ.

“ನಿನಗ ಹೊಳಿ ಐತಲ್ಲ,” ಎಂದೆ. “ಬಗ್ಗಿ ಕುಡಿ.”