ದೋನ್ಯಾ ಒಟಿಲಿಯಾ ಎತ್ತದೆ ಬಿಟ್ಟ ಕಲ್ಲು

ನಮ್ಮ ಓಣಿಯಲ್ಲಿ ಕಾರಿರುವ ಮನೆಗಳ ಬಾಗಿಲಲ್ಲೆಲ್ಲ ಒಂದೊಂದು ಕಲ್ಲಿರುತ್ತದೆ. ಮನಿಸಾಲೆಸ್‌ನ ಈ ಗುಡ್ಡದ ಮೇಲೆ ರಸ್ತೆಗಳು ಮಲಗಿಲ್ಲ, ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ನಿಂತಿವೆ. ಹ್ಯಾಂಡ್‌ಬ್ರೇಕನ್ನೇ ನಂಬಿ ಒಳಗೆ ಹೋದವರು ಕಾಫಿ ಕುಡಿದು ಬರುವಷ್ಟರಲ್ಲಿ ಕಾರು ಕೆಳಗಿನ ಓಣಿಯವರ ಅಂಗಳ ಸೇರಿರುತ್ತದೆ. ಅದಕ್ಕೇ ಹಿಂದಿನ ಚಕ್ರಕ್ಕೆ ಕಲ್ಲು. ಹೊರಡುವಾಗ ಕಾರನ್ನು ಮುಂದಕ್ಕೆ ತೆಗೆದು, ಮೇಲಿನ ತಿರುವಿನ ಸಮತಟ್ಟಿನಲ್ಲಿ ನಿಲ್ಲಿಸಿ, ಮತ್ತೆ ಇಳಿದು ನಡೆದು ಬಂದು ಕಲ್ಲನ್ನು ಎತ್ತಿಕೊಂಡು ಹೋಗಬೇಕು. ಹೀಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಕಲ್ಲನ್ನು ನಡುರಸ್ತೆಯಲ್ಲಿ ಬಿಟ್ಟು ಹೋದವನ ಹೆಸರು ಸಂಜೆಯೊಳಗೆ ಕೆಟ್ಟಿರುತ್ತದೆ.

ಓಣಿಯವರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಒಟಿಲಿಯಾ ಅವರ ಕಲ್ಲು ಹಳದಿ. ಒಂದು ಕಡೆ ಚಪ್ಪಟೆಯಾದ, ದೊಡ್ಡ ಬ್ರೆಡ್ಡಿನಷ್ಟಿರುವ ಹೊಳೆಗಲ್ಲು. ಅವರ ಗಂಡ ದೋನ್ ನಬೋರ್ ಕಣ್ಣು ಪೂರ್ತಿ ಹೋಗುವ ಮುಂಚೆ, ಬಾಗಿಲಿಗೆ ಬಳಿದು ಉಳಿದಿದ್ದ ಬಣ್ಣವನ್ನು ತಾವೇ ಅದಕ್ಕೆ ಬಳಿದರಂತೆ. "ಮಂಜಲ್ಲೂ ಇವ್ರಿಗೆ ಕಾಣ್ಲಿ ಅಂತ ಕಣಮ್ಮ. ನಂಗಂತೂ ಇನ್ಮೇಲೆ ಕಾಣಲ್ಲ," ಎಂದು ನಗುತ್ತಿದ್ದರು.

ಅವರ ಮನೆಯ ಮೇಲಂತಸ್ತಿನಲ್ಲಿ ನಾವು ಬಾಡಿಗೆಗಿದ್ದೇವೆ. ನಾನು, ಗಂಡ, ಐದು ವರ್ಷದ ಮಗಳು ಪಾಲೋಮಾ. ಕೆಳಗೆ ಅವರ ಕಾರು ಶುರುವಾದ ಸದ್ದು ಕೇಳಿದರೆ ಪಾಲೋಮಾ ಎಲ್ಲಿದ್ದಾಳೆಂದು ಮೊದಲು ನೋಡುತ್ತಿದ್ದೆ. ಅದು ಹಳೆಯ ರೆನೋ, ನಾಲ್ಕು ಬಾಗಿಲಿನದು. ಗೇರಿನ ಕಡ್ಡಿ ನೆಲದಿಂದ ಏಳುವುದಿಲ್ಲ, ಕೊಡೆಯ ಹಿಡಿಕೆಯಂತೆ ಮುಂದಿನ ಹಲಗೆಯಿಂದ ಹೊರಬಂದಿದೆ. ಅದನ್ನು ಎಳೆದು, ತಿರುಗಿಸಿ, ಒತ್ತಬೇಕು. ಮೂವತ್ತು ವರ್ಷಕ್ಕೂ ಮೇಲೆ ದೋನ್ಯಾ ಒಟಿಲಿಯಾ ಆ ಕಾರಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಪಕ್ಕದಲ್ಲಿ ಕೂತವರು. ಇಳಿಜಾರು ಬಂದಾಗಲೆಲ್ಲ ಬಲಗಾಲಿನಿಂದ ತಾವೂ ನೆಲ ಒತ್ತುತ್ತಿದ್ದರಂತೆ. ನಬೋರರ ಕಣ್ಣು ಮಸುಕಾಗುತ್ತ ಬಂದು, ಕಾರು ಮಾರೋಣ ಎಂದು ಮಕ್ಕಳು ಹೇಳಿದಾಗ, "ಮೊದ್ಲು ಮಂಚ ಮಾರಿ, ಆಮೇಲೆ ಕಾರು," ಎಂದು ದೋನ್ಯಾ ತಾವೇ ಓಡಿಸಲು ಹೊರಟರು. ಆಗ ಅವರಿಗೆ ಅರವತ್ತನಾಲ್ಕು. ಜೀವನವಿಡೀ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವರು, ಹೊಲಿಗೆ ಯಂತ್ರ ತುಳಿದ ಕಾಲು ಕ್ಲಚ್ಚನ್ನೂ ತುಳಿಯಬಲ್ಲದು ಎನ್ನುವುದು ಅವರ ವಾದ.

ಕಲಿಸಿದವರು ಕಣ್ಣು ಕಾಣದ ಗಂಡನೇ. ಭಾನುವಾರ ಬೆಳಿಗ್ಗೆ ಸ್ಮಶಾನದ ಪಕ್ಕದ ಖಾಲಿ ಮೈದಾನದಲ್ಲಿ, ಕಿವಿಯಿಂದಲೇ.

"ಕ್ಲಚ್ ಬಿಡೋದು ಅಂದ್ರೆ ನಿದ್ದೆ ಮಾಡ್ತಿರೋ ಮಗೂನ ತೊಟ್ಟಿಲಿಗೆ ಹಾಕೋ ಹಾಗೆ. ಕೈ ಒಂದೇ ಸಲ ತೆಗೆದ್ರೆ ಏನಾಗತ್ತೆ?"

"ಕಿರುಚಿಕೊಂಡು ಏಳತ್ತೆ."

"ನಾಲ್ಕು ಮಕ್ಕಳನ್ನ ಮಲಗಿಸಿದೀರಿ. ಇದು ಐದನೇದು ಅಂದ್ಕೊಳ್ಳಿ."

ಇಷ್ಟು ವರ್ಷದ ಸಂಸಾರದಲ್ಲೂ ಅವರಿಬ್ಬರು ಒಬ್ಬರನ್ನೊಬ್ಬರು ಬಹುವಚನದಲ್ಲೇ ಕರೆಯುವವರು. ಕಲಿತದ್ದೂ ಆಯಿತು, ಪರವಾನಗಿಯೂ ಸಿಕ್ಕಿತು. ಆದರೆ ಗೇರಿನ ಕಡ್ಡಿ ಮಾತ್ರ ನಬೋರರ ಕೈಯಲ್ಲೇ ಉಳಿಯಿತು. ಇವರು ಕ್ಲಚ್ ಒತ್ತಿದ ಸದ್ದು ಕೇಳಿದ ಕೂಡಲೇ ಅವರು ಪಕ್ಕದ ಸೀಟಿನಿಂದ ಕೈ ಚಾಚಿ ಎರಡನೆಯದೋ ಮೂರನೆಯದೋ ಹಾಕಿಬಿಡುತ್ತಿದ್ದರು. ಒಂದು ಕಾರಿಗೆ ಇಬ್ಬರು ವೃದ್ಧರು, ಕಣ್ಣು ಒಬ್ಬರದು, ಕಿವಿ ಇನ್ನೊಬ್ಬರದು. ಮನೆಯಲ್ಲಿ ಕುರ್ಚಿ ಹುಡುಕಿಕೊಂಡು ತಡವರಿಸುವ ಮನುಷ್ಯ ಕಾರಿನಲ್ಲಿ ಕೂತರೆ ಸಾಕು, ಇದು ಬೇಕರಿ ತಿರುವು, ಇದು ಇಗರ್ಜಿಯ ಹಿಂದಿನ ಏರು ಎಂದು ಹೇಳುತ್ತ ಹೋಗುತ್ತಿದ್ದರು. ಆ ಕಾರಿಲ್ಲದಿದ್ದರೆ ಅವರಿಗೆ ಊರೇ ಇಲ್ಲ. ಇದು ದೋನ್ಯಾಗೆ ಗೊತ್ತಿತ್ತು, ಅವರ ದೊಡ್ಡ ಮಗನಿಗೂ ಗೊತ್ತಿತ್ತು. ಆದರೂ ಅವನು ಬಂದಾಗಲೆಲ್ಲ ಒಂದೇ ಮಾತು: "ಅಮ್ಮಾ, ಒಂದೇ ಒಂದು ಕಡೆ ಗುದ್ದಿದ್ರೂ ಕೀ ನನ್ನ ಜೇಬಿಗೆ."

ಪಾಲೋಮಾಳನ್ನು ಅವರ ಕಾರಿನಲ್ಲಿ ಕಳಿಸಲು ನಾನು ಒಪ್ಪುತ್ತಿರಲಿಲ್ಲ. ಏನೇನೋ ನೆಪ ಹೇಳಿ ಬಸ್ಸಿಗೇ ಹತ್ತಿಸುತ್ತಿದ್ದೆ. ಹಾಗಿದ್ದವಳು ಆ ಮಂಜಿನ ಬೆಳಿಗ್ಗೆ, ಮಗಳನ್ನು ಸೊಂಟಕ್ಕೆ ಅವುಚಿಕೊಂಡು ಅವರ ಬಾಗಿಲನ್ನೇ ಬಡಿದೆ.

"ದೋನ್ಯಾ, ಮೂಗಲ್ಲಿ ಬೀನ್ಸ್ ಕಾಳು ಹಾಕ್ಕೊಂಡಿದಾಳೆ. ಮೇಲಕ್ಕೆ ಹೋಗ್ಬಿಟ್ಟಿದೆ. ಉಸಿರಾಡ್ತಾ ಇಲ್ಲ."

"ಉಸಿರಾಡ್ತಿಲ್ಲ ಅಂದ್ರೆ ಇಷ್ಟು ಜೋರಾಗಿ ಹೇಗಮ್ಮ ಅಳ್ತಾಳೆ," ಎಂದರು ನಬೋರ್, ಬೆಲ್ಲದ ನೀರಿನ ಲೋಟ ಕೆಳಗಿಡುತ್ತ. ಆದರೂ ಇಬ್ಬರೂ ಎದ್ದರು.

ರಾತ್ರಿ ನೆನೆಹಾಕಿದ್ದ ಕಾಳು. ಅದು ಒಳಗೆ ಇನ್ನೂ ಊದಿಕೊಳ್ಳುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕಾರು ಒಮ್ಮೆ ಆಫ್ ಆಯಿತು. ಮತ್ತೊಮ್ಮೆ ಆಯಿತು. ಮೂರನೆಯ ಸಲ ಕೆಮ್ಮಿಕೊಂಡು ಏರಿತು. ಮೇಲಿನ ತಿರುವಿನಲ್ಲಿ ದೋನ್ಯಾ ಎಂದಿನಂತೆ ನಿಲ್ಲಿಸಿ ಬಾಗಿಲಿಗೆ ಕೈಹಾಕಿದರು. ನಾನು ಹಿಂದಿನಿಂದ ಅವರ ಭುಜ ಹಿಡಿದೆ.

"ಬಿಡಿ ದೋನ್ಯಾ, ದಮ್ಮಯ್ಯ. ಆಮೇಲೆ ಎತ್ಕೊಳ್ಳಬಹುದು. ಹೊರಡಿ."

"ಒಟಿಲಿಯಾ, ಕಲ್ಲು," ಎಂದರು ನಬೋರ್.

ಒಂದು ಕ್ಷಣ ದೋನ್ಯಾ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ಆಮೇಲೆ," ಎಂದು ಕ್ಲಚ್ ಒತ್ತಿದರು. ನಬೋರರ ಕೈ ಕಡ್ಡಿಯ ಮೇಲೆ ಕೊಂಚ ತಡೆದು, ಆಮೇಲೆ ಗೇರು ಹಾಕಿತು.

ಆಸ್ಪತ್ರೆಯ ಮೆಟ್ಟಿಲ ಮೇಲೇ ಪಾಲೋಮಾ ಒಂದು ಸೀನು ಸೀನಿದಳು. ಕಾಳು ಕಾವಲುಗಾರನ ಬೂಟಿನ ಹತ್ತಿರ ಹೋಗಿ ಬಿತ್ತು. "ಇಷ್ಟಕ್ಕೆ ಡಾಕ್ಟರನ್ನ ಕರೀಬೇಕಾ?" ಎಂದು ಅವನು ಕೇಳಿದ. ನಾವೆಲ್ಲ ನಕ್ಕೆವು.

ವಾಪಸು ಬಂದಾಗ ಓಣಿಯಲ್ಲಿ ಜನ ಸೇರಿದ್ದರು. ಅಂಗಡಿಗಳಿಗೆ ಬ್ರೆಡ್ ಹಂಚುವ ಲಿಸಾಂದ್ರೊ ಮಂಜಿನಲ್ಲಿ ಏನಕ್ಕೋ ಬಡಿದು ಬೈಕಿನ ಸಮೇತ ಬಿದ್ದಿದ್ದ. ಅವನನ್ನು ಆಗಲೇ ಯಾರೋ ಕರೆದುಕೊಂಡು ಹೋಗಿದ್ದರು. ಭುಜದ ಎಲುಬೂ ಬಲಗೈಯೂ ಮುರಿದಿವೆ ಎಂದರು. ಚೀಸ್ ಬನ್ನುಗಳು ಚರಂಡಿಯುದ್ದಕ್ಕೂ ತೇಲುತ್ತಿದ್ದವು. ಎದುರು ಮನೆಯಲ್ಲಿ ಮಹಡಿ ಕಟ್ಟುತ್ತಿದ್ದ ಗಾರೆ ಕೆಲಸದ ಅನ್ಸೀಸರ್ ಕೈಯಲ್ಲಿ ಕರಣೆ ಹಿಡಿದು ನಿಂತಿದ್ದ. ಅವನ ಇಟ್ಟಿಗೆಯ ರಾಶಿ ರಸ್ತೆಯ ಅಂಚಿನಲ್ಲೇ ಇತ್ತು, ಒಂದೆರಡು ಚೂರು ರಸ್ತೆಗೂ ಉರುಳಿದ್ದವು.

"ಎಷ್ಟು ಸಲ ಹೇಳಿದ್ವಿ ನಿಂಗೆ, ಇಟ್ಟಿಗೆ ಒಳಗೆ ಹಾಕ್ಕೋ ಅಂತ?" ಎಂದು ಒಬ್ಬಳು ಬೈಯುತ್ತಿದ್ದಳು.

"ಬೆಳಿಗ್ಗೆ ಗುಡಿಸಿದ್ದೆ, ಅಕ್ಕ. ಆಣೆ ಮಾಡಿ ಹೇಳ್ತೀನಿ, ಗುಡಿಸಿದ್ದೆ."

"ಹೌದಪ್ಪ, ಇಟ್ಟಿಗೆ ತಾನೇ ನಡ್ಕೊಂಡು ಬಂತು."

ದೋನ್ಯಾ ಒಟಿಲಿಯಾ ಯಾರನ್ನೂ ನೋಡದೆ ನೇರ ನಮ್ಮ ಗೇಟಿನ ಕೆಳಗಿನ ಹುಲ್ಲಿನ ಕಡೆ ಹೋದರು. ಬಗ್ಗಿದರು. ಎದ್ದಾಗ ಶಾಲಿನ ಒಂದು ತುದಿ ಭಾರವಾಗಿ ತೂಗುತ್ತಿತ್ತು. ಬೈಕಿನ ಚಕ್ರದ ಹೊಡೆತಕ್ಕೆ ಕಲ್ಲು ಅಲ್ಲಿಯವರೆಗೆ ಉರುಳಿತ್ತು. ಅದನ್ನು ನೋಡಿದವಳು ನಾನೊಬ್ಬಳೇ. ನೋಡಿದೆನೆಂದು ಅವರಿಗೂ ಗೊತ್ತಾಯಿತು. ಇಬ್ಬರೂ ಬಾಯಿ ಬಿಡಲಿಲ್ಲ. ನಾನು ಮಗಳ ಮೂಗು ಒರೆಸುತ್ತ ಮೆಟ್ಟಿಲು ಹತ್ತಿದೆ.

ಆ ವಾರ ಮುಗಿಯುವುದರೊಳಗೆ ಎದುರು ಮನೆಯವರು ಅನ್ಸೀಸರನನ್ನು ಕೆಲಸದಿಂದ ಬಿಡಿಸಿದರು.

ದೋನ್ಯಾ ಕಾರು ತೆಗೆಯುವುದನ್ನೇ ನಿಲ್ಲಿಸಿದರು. ಕೇಳಿದವರಿಗೆ, ಕ್ಲಚ್ ಹೋಗಿದೆ ಎನ್ನುತ್ತಿದ್ದರು. ಲಿಸಾಂದ್ರೊನ ಮನೆಗೆ ದಿನವೂ ಕೋಳಿ ಸಾರು ಕಳಿಸುತ್ತಿದ್ದರು, ನನ್ನ ಕೈಯಲ್ಲಿ. ಅವನ ತಾಯಿ ಪಾತ್ರೆ ತೊಳೆದು ಕೊಡುತ್ತ, "ನಿಮ್ಮ ದೋನ್ಯಾ ದೇವರಂಥವರು," ಎಂದಾಗ ಆ ಪಾತ್ರೆ ಹೊತ್ತು ಬರುವುದು ಎಷ್ಟು ಕಷ್ಟವಾಗುತ್ತಿತ್ತೆಂದು ನನಗೇ ಗೊತ್ತು. ಒಂದು ದಿನ ಗುಡಿಸಲೆಂದು ಕಾರಿನ ಬಾಗಿಲು ತೆರೆದೆ. ಚಾಲಕರನ್ನು ಕಾಪಾಡುವ ಕಾರ್ಮೆನ್ ಮಾತೆಯ ಪುಟ್ಟ ಪಟ ಹಲಗೆಯ ಮೇಲೆ ದೋನ್ಯಾರ ಸೀಟಿಗೆ ಬೆನ್ನುಹಾಕಿ, ಗಾಜಿನ ಕಡೆ ಮುಖಮಾಡಿ ಕೂತಿತ್ತು. ಯಾರು ತಿರುಗಿಸಿದ್ದೆಂದು ಕೇಳಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಒಗೆದ ಬಟ್ಟೆ ಹರವಲು ಹಿತ್ತಲಿಗೆ ಇಳಿದಾಗ ಅಡುಗೆಮನೆಯ ಕಿಟಕಿಯಿಂದ ಅವರ ಮಾತು ಕೇಳಿಸಿತು.

"ಕ್ಲಚ್ ಹೋಗಿಲ್ಲ, ಒಟಿಲಿಯಾ."

"ನಿಮಗೇನ್ರೀ ಗೊತ್ತು?"

"ನಿನ್ನೆ ಬಾಗಿಲ ಮುಂದೆ ಶುರು ಮಾಡಿದ್ರಲ್ಲ, ಕೇಳಿಸ್ಕೊಂಡೆ. ಕಾರು ನಡುಗ್ತಿರಲಿಲ್ಲ. ನಡುಗಿದ್ದು ನಿಮ್ಮ ಕಾಲು."

ಒಳಗೆ ಚಮಚ ಪಾತ್ರೆಗೆ ತಾಗಿದ ಸದ್ದು. ಆಮೇಲೆ ಮತ್ತೆ ನಬೋರರೇ.

"ಆವತ್ತು ನೀವು ಇಳೀಲಿಲ್ಲ. ‘ಆಮೇಲೆ’ ಅಂದಿದ್ದು ನಂಗೆ ಕೇಳಿಸಲಿಲ್ವಾ? ಗೇರು ಹಾಕಿದ ಕೈ ನಂದೇ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಕೀ ಹೋಗತ್ತೆ. ಕೀ ಹೋದ್ರೆ ನಾನು ಈ ಕುರ್ಚಿಲೇ ಕೂತಿರ್ಬೇಕು. ಅದಕ್ಕೆ. ಅನ್ಸೀಸರ್ ಮನೇಲೂ ಒಂದು ಕುರ್ಚಿ ಇರತ್ತೆ ಅಲ್ವಾ? ಈಗ ಅವನೂ ಅದ್ರಲ್ಲೇ ಕೂತಿರ್ತಾನೆ."

ಒದ್ದೆ ಬಟ್ಟೆ ಹಿಡಿದುಕೊಂಡು ನಾನು ಗೋಡೆಗೆ ಒರಗಿದೆ. ಅವರ ಲೆಕ್ಕದಲ್ಲಿ ತಪ್ಪು ಇಬ್ಬರದು. ಮೂರನೆಯವಳ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

ಮರುದಿನ ದೋನ್ಯಾ ಇಗರ್ಜಿಗೆ ಹೋಗುವಾಗ ಉಡುವ ಕಪ್ಪು ಲಂಗ ಉಟ್ಟು, ಕಲ್ಲನ್ನು ಸಂತೆಯ ಬುಟ್ಟಿಯಲ್ಲಿಟ್ಟುಕೊಂಡು ಹೊರಟರು. "ನಾನೂ ಬರ್ತೀನಿ," ಎಂದೆ. "ಬಾ," ಎಂದರು, ಅಷ್ಟೇ.

ಲಿಸಾಂದ್ರೊ ಕೈಗೆ ಕಟ್ಟು ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದ. ದೋನ್ಯಾ ಕಲ್ಲನ್ನು ಅವನ ಮುಂದಿಟ್ಟರು. "ಇದು ನಂದು. ಆವತ್ತು ಎತ್ತಲಿಲ್ಲ. ಆಮೇಲೆ ಬಚ್ಚಿಟ್ಟೆ," ಎಂದರು.

ಅವನು ಎಡಗೈಯಿಂದ ಕಲ್ಲನ್ನು ಒಂದು ಸುತ್ತು ತಿರುಗಿಸಿ ನೋಡಿದ. "ಇಷ್ಟು ದಿನ ನಿಮ್ಮ ಸಾರು ಕುಡಿದೆನಲ್ಲ, ದೋನ್ಯಾ."

"ಹೌದಪ್ಪ."

"ರುಚಿಯಾಗೇ ಇತ್ತು. ಅದೇ ಸಿಟ್ಟು ಬರ್ತಿರೋದು." ಅವನ ತಾಯಿ ಏನೋ ಹೇಳಹೊರಟರೆ ತಡೆದ. "ಸಾರು ಬೇಡ ಇನ್ಮೇಲೆ. ಬೆಳಿಗ್ಗೆ ಬ್ರೆಡ್ ಯಾರು ಹಂಚ್ತಾರೆ? ಮೂರು ಅಂಗಡಿ ಆಗ್ಲೇ ಬೇರೆಯವರ ಹತ್ರ ತಗೊಳ್ತಿದಾರೆ. ನಿಮ್ಮ ಹತ್ರ ಕಾರಿದೆ. ಹಂಚಿ. ಆದ್ರೆ ಮೊದ್ಲು ಅನ್ಸೀಸರ್ ಹತ್ರ ಹೋಗಿ."

ಅನ್ಸೀಸರ್ ನಮ್ಮನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ದೋನ್ಯಾ ಹೇಳಿದ್ದನ್ನೆಲ್ಲ ಕೇಳಿದ. ಅವರು ಮುಗಿಸಿದ ಮೇಲೆ ನಾನು, "ಕಲ್ಲು ಬಿಡಿ, ಹೊರಡಿ ಅಂದಿದ್ದು ನಾನು. ಎತ್ಕೊಂಡು ಬಂದಿದ್ದು ನೋಡಿದ್ದೂ ನಾನೇ," ಎಂದೆ. ದೋನ್ಯಾ ನನ್ನ ಕಡೆ ತಿರುಗಲಿಲ್ಲ.

"ಹೇಳಿ ಹಗುರಾಯ್ತಾ ಇಬ್ಬರಿಗೂ?" ಎಂದು ಕೇಳಿದ ಅವನು. ದನಿ ಏರಿಸಲಿಲ್ಲ. "ಒಳ್ಳೇದು. ಆ ಮನೆಯವರು ಬೇರೆ ಮೇಸ್ತ್ರಿನ ಇಟ್ಕೊಂಡಾಯ್ತು. ಅವ್ರಿಗೂ ಹೇಳಿ ಬೇಕಾದ್ರೆ." ಬಾಗಿಲು ಮುಚ್ಚಿದ. ಅವರಿಗೂ ಹೇಳಿದೆವು. ಅಯ್ಯೋ ಪಾಪ ಎಂದರು, ಹೊಸ ಮೇಸ್ತ್ರಿಯನ್ನು ಮಾತ್ರ ಬಿಡಿಸಲಿಲ್ಲ.

ಸುದ್ದಿ ಕೇಳಿ ದೊಡ್ಡ ಮಗ ಕೀ ಕೇಳಲು ಬಂದ. ದೋನ್ಯಾ ವಾದಿಸದೆ ಕೀಯನ್ನು ಮೇಜಿನ ಮೇಲಿಟ್ಟರು. ಆದರೆ ಯಾವ ಅಂಗಡಿಗೆ ಎಷ್ಟು ಬ್ರೆಡ್ ಎಂದು ಹೇಳಲು ಬಂದಿದ್ದ ಲಿಸಾಂದ್ರೊ ಆಗಲೇ ಅಲ್ಲಿ ಕೂತಿದ್ದ. "ತಗೊಳ್ಳಿ ಅಣ್ಣ, ತಗೊಳ್ಳಿ. ನಾಳೆ ಬೆಳಿಗ್ಗೆ ಐದಕ್ಕೆ ನೀವೇ ಬರ್ತೀರಾ ಬುಟ್ಟಿ ಹೊರೋಕೆ?" ಮಗ ಕೀಯನ್ನು ತಾಯಿಯ ಕಡೆಗೆ ತಳ್ಳಿದ. "ನಿನ್ನ ಎಲುಬು ಕೂಡೋವರೆಗೆ," ಎಂದ. "ಆಮೇಲೆ ಮಾತಾಡೋಣ."

ಈಗ ದಿನಾ ಬೆಳಿಗ್ಗೆ ಹಳೆಯ ರೆನೋ ಗುಡ್ಡದ ಒಂದೊಂದು ಅಂಗಡಿಯ ಮುಂದೂ ನಿಲ್ಲುತ್ತದೆ, ಒಂದೊಂದು ಏರಿನಲ್ಲೂ ಮತ್ತೆ ಹೊರಡುತ್ತದೆ. ಏರಿನಲ್ಲಿ ನಿಂತ ಕಾರನ್ನು ಹೊರಡಿಸುವ, ಎಲ್ಲಕ್ಕಿಂತ ಹೆದರುತ್ತಿದ್ದ ಕೆಲಸವನ್ನೇ ದೋನ್ಯಾ ಬೆಳಗಿನುದ್ದಕ್ಕೂ ಮಾಡಬೇಕು. ಹಿಂದಿನ ಸೀಟಿನಲ್ಲಿ ಬನ್ನಿನ ಬುಟ್ಟಿಗಳ ನಡುವೆ ಲಿಸಾಂದ್ರೊ ಕೂತು, "ನಿಧಾನ ದೋನ್ಯಾ, ಇನ್ನೊಂದು ಎಲುಬು ಉಳಿದಿದೆ ನಂಗೆ," ಎಂದು ಚುಚ್ಚುತ್ತಾನೆ. ನಬೋರ್ ಕಡ್ಡಿಯ ಮೇಲೆ ಕೈಯಿಟ್ಟು, ಎದುರಾಗುವ ತಿರುವುಗಳ ಹೆಸರು ಹೇಳುತ್ತಾರೆ. ನನ್ನ ಗಂಡನ ಪಕ್ಕದಲ್ಲಿ ಪಾಲೋಮಾಳನ್ನು ಮಲಗಿಸಿ, ಎರಡು ಸಲ ಅವಳ ಉಸಿರು ಕೇಳಿಸಿಕೊಂಡು, ಕಲ್ಲು ಹಾಕಿ ಎತ್ತಲು ನಾನೂ ಹೋಗುತ್ತೇನೆ. ಯಾರೂ ಹೇಳಿದ್ದಲ್ಲ, ಆದರೆ ಯಾರೂ ಬೇಡವೆನ್ನಲಿಲ್ಲ.

ಬೇರೆ ಏರುಗಳಲ್ಲಿ ದೋನ್ಯಾರ ಕಾಲು ಈಗ ಪಳಗಿದೆ, ಕೂಸನ್ನು ತೊಟ್ಟಿಲಿಗೆ ಇಳಿಸಿದಷ್ಟು ಮೆತ್ತಗೆ ಕಾರು ಏಳುತ್ತದೆ. ಆದರೆ ಕೊನೆಯಲ್ಲಿ ಒಂದು ಅಂಗಡಿಯಿದೆ, ಅನ್ಸೀಸರನ ಮನೆಗೆ ತಾಗಿಕೊಂಡು. ಅವನ ಗಾರೆಯ ಬಕೆಟ್ಟು ಬಾಗಿಲಲ್ಲಿ ಬೋರಲು ಬಿದ್ದಿರುತ್ತದೆ. ಕೆಲವು ದಿನ ಅವನೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ನಮ್ಮನ್ನು ನೋಡಿದರೂ ಮಾತಾಡುವುದಿಲ್ಲ. ಅಲ್ಲಿಂದ ಹೊರಡುವಾಗ ಮಾತ್ರ ಕಾರು ಇವತ್ತಿಗೂ ಆಫ್ ಆಗುತ್ತದೆ. ಆಗ ಲಿಸಾಂದ್ರೊ ಕೂಡ ಚುಚ್ಚುವುದಿಲ್ಲ. ನಬೋರ್ ಕಡ್ಡಿಯಿಂದ ಕೈ ತೆಗೆಯದೆ ಕಾಯುತ್ತಾರೆ. ನಾನು ಚಕ್ರದ ಹಿಂದೆ ಹಳದಿ ಕಲ್ಲನ್ನು ಒತ್ತಿ ಹಿಡಿದು, ದೋನ್ಯಾರ ಕಾಲು ಮತ್ತೆ ಹದಕ್ಕೆ ಬರುವವರೆಗೆ, ಆ ಬಾಗಿಲ ಕಡೆ ನೋಡದೆ ಕೂತಿರುತ್ತೇನೆ.